ಕನೋಲಾ ಹೊಲದ ಬದಿಯ ಗೇಟು

ಪರ್ತ್ ವಿಮಾನ ನಿಲ್ದಾಣ

ಆಸ್ಟ್ರೇಲಿಯಾದ ನೆಲದ ಮೇಲೆ ನನಗೆ ಸಿಕ್ಕ ಮೊದಲ ಉಪಕಾರವೆಂದರೆ ಅಲ್ಲಿನ ಅಧಿಕಾರಿಯೊಬ್ಬರು ನನ್ನ ಬೂಟು ತೊಳೆದುಕೊಟ್ಟದ್ದು.

ವಿಮಾನದಲ್ಲಿ ಕೊಟ್ಟ ಚೀಟಿಯಲ್ಲಿ ಒಂದು ಪ್ರಶ್ನೆಯಿತ್ತು. ಇತ್ತೀಚೆಗೆ ನೀವು ಹೊಲಗಳಲ್ಲಿ ಓಡಾಡಿದ್ದೀರಾ? ನಾನು ಅದನ್ನು ಜೊತೆಗಿದ್ದ ಗಂಗಕ್ಕನಿಗೆ ಓದಿ ಹೇಳಿದೆ. ಅವರು ನಕ್ಕರು.

"ಹೊಲದಾಗ ಓಡ್ಯಾಡದ ಮತ್ತೆಲ್ಲಿ ಓಡ್ಯಾಡೂದು? ಹೌದಂತ ಬರಿ ತಂಗಿ."

ಬರೆದೆ. ಅದರ ಫಲವಾಗಿ ನಮ್ಮಿಬ್ಬರನ್ನೂ ಸಾಲಿನಿಂದ ಪಕ್ಕಕ್ಕೆ ಕರೆದರು. ಪ್ರಯಾಣಕ್ಕೆಂದೇ ಸವದತ್ತಿ ಪೇಟೆಯಲ್ಲಿ ಇಬ್ಬರೂ ಹೊಸ ಕ್ಯಾನ್ವಾಸ್ ಬೂಟು ಕೊಂಡಿದ್ದೆವು. ನಾನು ಅವನ್ನು ಹಾಕಿಕೊಂಡೇ ಬೈಲಹೊಂಗಲದ ಹೊಲಕ್ಕೆ ಹೋಗಿಬಂದಿದ್ದೆ. ಗಂಗಕ್ಕ ಜೀವಮಾನದಲ್ಲಿ ಮೊದಲ ಸಲ ಬೂಟು ಹಾಕುತ್ತಿದ್ದುದರಿಂದ ರೂಢಿಯಾಗಲೆಂದು ಕಟಕೋಳದ ತಮ್ಮ ಹೊಲದಲ್ಲಿ ಎರಡು ದಿನ ನಡೆದಾಡಿದ್ದರು. ನಮ್ಮ ಎರೆಮಣ್ಣಿನ ಗುಣ ಎಲ್ಲರಿಗೂ ಗೊತ್ತು. ಒಮ್ಮೆ ಹಿಡಿದರೆ ಬಿಡುವುದಿಲ್ಲ.

ಅಧಿಕಾರಿ ನನ್ನ ಅವ್ವನ ವಯಸ್ಸಿನ ಹೆಂಗಸು. ಕೈಗವಸು ಹಾಕಿಕೊಂಡು ಬೂಟಿಗಾಗಿ ಕೈ ಚಾಚಿದರು. ನಾನು ಬಿಚ್ಚಿಕೊಟ್ಟೆ. ಗಂಗಕ್ಕ ಕೊಡಲೊಲ್ಲರು.

"ಯವ್ವಾ, ಅಷ್ಟ ದೊಡ್ಡಾಕಿ ಕೈಯಾಗ ಕಾಲಾಗಿಂದ ಕೊಡೂದ? ಬ್ಯಾಡ. ನೀರ ಎಲ್ಲೈತಿ ತೋರಸಂತ ಹೇಳು, ನಾನ ತೊಳಕೋತೇನಿ."

ಅವರು ಬೂಟು ಎದೆಗೆ ಅವುಚಿಕೊಂಡದ್ದನ್ನು ನೋಡಿ ಒಳಗೇನೋ ಬಚ್ಚಿಟ್ಟಿದ್ದಾರೆಂದು ಇನ್ನೊಬ್ಬ ಅಧಿಕಾರಿ ಬಂದ. ನಾನು ನನ್ನ ಅರೆಬರೆ ಇಂಗ್ಲಿಷಿನಲ್ಲಿ, ನಮ್ಮಲ್ಲಿ ಹಿರಿಯರ ಕೈಗೆ ಪಾದರಕ್ಷೆ ಕೊಡುವುದು ತಪ್ಪು ಎಂದು ವಿವರಿಸಿದೆ. ಆ ತಾಯಿ ಮುಗುಳ್ನಕ್ಕು, ಇದು ತಮ್ಮ ದಿನನಿತ್ಯದ ಕೆಲಸ ಎಂದರು. ಒಳಗೆ ಹೋಗಿ ಬ್ರಷ್ ಹಾಕಿ ತಿಕ್ಕಿ, ಒರೆಸಿ, ಜೋಡಿಸಿ ತಂದು ಗಂಗಕ್ಕನ ಕಾಲ ಬಳಿ ಇಟ್ಟರು. ಗಂಗಕ್ಕ ಬಗ್ಗಿ ಅವರ ಕೈಮುಟ್ಟಿ ಕಣ್ಣಿಗೊತ್ತಿಕೊಂಡರು.

ನಾವು ಇಳಿದುಕೊಳ್ಳಲಿದ್ದ ಮನೆಯವರಿಗೆ ಉಡುಗೊರೆಯೆಂದು ಗಂಗಕ್ಕ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಒಂದು ಹಿಡಿ ಕುಸುಬೆ ಬೀಜ ಮಾತ್ರ ಕಸದ ಡಬ್ಬಿಗೆ ಹೋಯಿತು. ಹೊರಗಿನ ಬೀಜದ ಜೊತೆಗೆ ಕಸ, ರೋಗ ಬರುತ್ತವೆ ಎಂದು ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ತಿಳಿಸಿದೆ. ಸಿಟ್ಟಾಗಬಹುದೆಂದುಕೊಂಡಿದ್ದೆ. ಗಂಗಕ್ಕ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿ, "ನಮ್ಮ ಕಡೆನೂ ಹಿಂಗ ಒಬ್ಬಾಕಿ ಕುಂತಿದ್ದಿದ್ರ ಪರದೇಶದ ಗೋಧಿ ಜೋಡಿ ಕಾಂಗ್ರೆಸ್ ಕಸ ಬರತಿದ್ದಿಲ್ಲ ನೋಡು" ಅಂದರು.

ಒಂದು ಬೆರಳಿನ ನಮಸ್ಕಾರ

ನಾವು ಯಾರು, ಅಲ್ಲಿಗೇಕೆ ಹೋದೆವು ಎಂದು ಹೇಳಬೇಕು. ನನ್ನ ತವರು ಹೂಲಿ. ಕೃಷಿ ಡಿಪ್ಲೊಮಾ ಮುಗಿಸಿ ಸವದತ್ತಿಯಲ್ಲಿ ಒಂದು ಸಣ್ಣ ರೈತ ಸಂಘದಲ್ಲಿ ಕೆಲಸ ಮಾಡುತ್ತೇನೆ. ಹೊಸ ತಳಿಯ ಬೀಜ ಬಂದಾಗ ಅದನ್ನು ರೈತರ ಹೊಲದಲ್ಲೇ ಬಿತ್ತಿ ನೋಡುವುದು ನಮ್ಮ ಕೆಲಸ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ಕಡೆ ಒಂದೊಂದು ತಾಕು, ಅಂದರೆ ಪರೀಕ್ಷೆಗೆಂದು ಬಿತ್ತುವ ತುಂಡು ಹೊಲ. ಕಿತ್ತೂರಿನ ಮಳೆ ರಾಮದುರ್ಗಕ್ಕೆ ಬರುವುದಿಲ್ಲ, ಬೈಲಹೊಂಗಲದ ಮಣ್ಣು ಕಿತ್ತೂರಿನಲ್ಲಿಲ್ಲ. ಒಂದು ಕಡೆ ಎದೆಯೆತ್ತರ ಬೆಳೆದದ್ದು ಇನ್ನೊಂದು ಕಡೆ ಮೊಣಕಾಲಿಗೆ ನಿಲ್ಲುತ್ತದೆ. ಗಂಗಕ್ಕ ರಾಮದುರ್ಗ ತಾಲೂಕಿನ ಕಟಕೋಳದವರು. ಅವರ ಹೊಲದ ಒಂದು ಪಟ್ಟಿಯಲ್ಲಿ ನಮ್ಮ ಕುಸುಬೆ, ಕಡಲೆ ತಾಕುಗಳಿವೆ.

ಪರ್ತ್‌ನಿಂದ ಒಳನಾಡಿಗೆ ಅರ್ಧ ದಿನದ ದಾರಿಯಲ್ಲಿ ನಮ್ಮಂಥದೇ ಒಂದು ರೈತರ ಗುಂಪಿದೆ. ಅವರದು ಕನೋಲಾ. ಸಾಸಿವೆಯ ಅಣ್ಣತಮ್ಮಂದಿರಲ್ಲಿ ಒಂದು. ಹಳದಿ ಹೂ, ಕಡ್ಡಿಯಂಥ ಕಾಯಿ, ಎಣ್ಣೆ ತೆಗೆಯುವ ಸಣ್ಣ ಕರಿ ಬೀಜ. ಒಣ ಬೇಸಾಯದ ರೈತರು ಒಬ್ಬರದನ್ನೊಬ್ಬರು ನೋಡಬೇಕೆಂಬ ಒಂದು ಯೋಜನೆಯಲ್ಲಿ ಇಬ್ಬರಿಗೆ ಅವಕಾಶ ಬಂದಾಗ ಸಂಘದವರು ನಮ್ಮ ಹೆಸರು ಕೊಟ್ಟರು.

ಕರೆದೊಯ್ಯಲು ಬಂದವಳು ಟೆಸ್. ಮೂವತ್ತರ ಆಸುಪಾಸಿನ ಹುಡುಗಿ, ಆ ಗುಂಪಿನ ತಾಕುಗಳನ್ನೆಲ್ಲ ನೋಡಿಕೊಳ್ಳುವವಳು. ನಮ್ಮ ಟ್ರಂಕನ್ನು ಒಬ್ಬಳೇ ಎತ್ತಿ ಗಾಡಿಯ ಹಿಂದೆ ಹಾಕಿದಳು.

ಊರು ದಾಟಿದ ಮೇಲೆ ಎದುರಿಗೆ ಬರುವ ಗಾಡಿಗಳು ಬಹಳ ಕಡಿಮೆಯಾದವು. ಬಂದ ಪ್ರತಿಯೊಂದರ ಡ್ರೈವರ್ ಸ್ಟೇರಿಂಗಿನ ಮೇಲಿಂದ ಒಂದು ಬೆರಳು ಎತ್ತುತ್ತಿದ್ದ. ಟೆಸ್ ಕೂಡ ಒಂದು ಬೆರಳು ಎತ್ತುತ್ತಿದ್ದಳು. ಪರಿಚಯದವರೇ ಎಂದು ಕೇಳಿದೆ. ಅಲ್ಲವಂತೆ. ಈ ದಾರಿಯಲ್ಲಿ ಯಾರನ್ನು ಕಂಡರೂ ಹಾಗೆ ಮಾಡುತ್ತಾರಂತೆ.

ಗಂಗಕ್ಕನಿಗೆ ಅದು ಬಹಳ ಹಿಡಿಸಿತು. ಆದರೆ ಒಂದು ಬೆರಳು ಅವರಿಗೆ ಸಾಲದಾಯಿತು. ಪ್ರತಿ ಗಾಡಿಗೂ ಎರಡು ಕೈ ಜೋಡಿಸಿ ಹಣೆಗೆ ಮುಟ್ಟಿಸಿ ನಮಸ್ಕಾರ ಮಾಡತೊಡಗಿದರು. ಒಬ್ಬ ಲಾರಿಯವನು ಗಾಬರಿಯಾಗಿ ವೇಗ ತಗ್ಗಿಸಿದ.

ಇಬ್ಬದಿಯಲ್ಲೂ ಕಣ್ಣು ಹರಿಯುವವರೆಗೆ ಗೋಧಿ, ಕನೋಲಾ, ಮತ್ತೆ ಗೋಧಿ. ಹೊಲದಲ್ಲಿ ಒಬ್ಬ ಮನುಷ್ಯನಿಲ್ಲ. ನಮ್ಮ ಕಡೆ ಹೊಲವೆಂದರೆ ಕಳೆ ತೆಗೆಯುವವರ ಮಾತು, ಬದುವಿನ ಮೇಲೆ ಬುತ್ತಿ ಬಿಚ್ಚಿದ ಸದ್ದು. ಇಲ್ಲಿ ಗಾಳಿ ಬಿಟ್ಟರೆ ಏನೂ ಕೇಳಿಸದು.

"ಇಷ್ಟ ಛಂದ ಬೆಳಿ ಬೆಳದ ಎಲ್ಲಾರೂ ಎಲ್ಲಿ ಹೋಗ್ಯಾರ ತಂಗಿ?" ಎಂದು ಗಂಗಕ್ಕ ಕೇಳಿದರು. ಟೆಸ್‌ಗೆ ಹೇಳಿದೆ. ಅವಳು, "ಇರುವುದೇ ಇಷ್ಟು ಜನ. ಅದಕ್ಕೇ ಕಂಡಾಗ ಕೈಯೆತ್ತುವುದು" ಅಂದಳು.

ಗ್ರಹಾಂ ಅವರ ಮನೆ

ನಾವು ಇಳಿದುಕೊಂಡದ್ದು ಗ್ರಹಾಂ, ಹೆಲೆನ್ ದಂಪತಿಗಳ ಮನೆಯಲ್ಲಿ. ಇಬ್ಬರಿಗೂ ಅರವತ್ತು ದಾಟಿದೆ. ಕನೋಲಾ ತಾಕುಗಳು ಅವರ ಹೊಲದಲ್ಲೇ ಇದ್ದವು. ಗ್ರಹಾಂ ಮಾತು ಕಡಿಮೆಯ ಮನುಷ್ಯ. ಒಂದು ಪ್ರಶ್ನೆ ಕೇಳಿದರೆ ಮೊದಲು ಆಕಾಶ ನೋಡಿ, ಆಮೇಲೆ ನೆಲ ನೋಡಿ, ಉತ್ತರ ಕೊಡುವಷ್ಟರಲ್ಲಿ ನಾವು ಪ್ರಶ್ನೆ ಮರೆತಿರುತ್ತಿದ್ದೆವು.

ಮೊದಲ ಸಂಜೆಯೇ ಒಂದು ಪೇಚಾಟವಾಯಿತು. ಹೆಲೆನ್ ನಮ್ಮನ್ನು ಸಂಜೆ ಚಹಾಕ್ಕೆ ಕರೆದಿದ್ದರು. ಚಹಾ ತಾನೇ ಎಂದು ನಾವು ಕೋಣೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು ಹೊಟ್ಟೆ ತುಂಬಿಸಿಕೊಂಡು ಹೋದೆವು. ಅಲ್ಲಿ ಚಹಾ ಎಂದರೆ ರಾತ್ರಿಯ ಊಟ. ಮಾಂಸ ತಿನ್ನದವರೆಂದು ಹೆಲೆನ್ ದಿನವಿಡೀ ನಿಂತು ಆಲೂಗಡ್ಡೆಯನ್ನು ಸುಟ್ಟು, ಬೇಯಿಸಿ, ಹಿಸುಕಿ, ಮೂರು ಬಗೆ ಮಾಡಿದ್ದರು. ಗಂಗಕ್ಕ ನನ್ನ ಮುಖ ನೋಡಿದರು. "ಉಣ್ಣು ತಂಗಿ, ಸುಮ್ನ ಉಣ್ಣು" ಎಂದು ತಾವೂ ಮೂರನ್ನೂ ಮುಗಿಸಿದರು. ಮಲಗುವಾಗ ಇಬ್ಬರಿಗೂ ಮಗ್ಗಲು ಬದಲಿಸಲಾಗಲಿಲ್ಲ.

ಆ ನಾಡಿನಲ್ಲಿ ನೊಣಗಳ ಕಾಟ ವಿಪರೀತ. ಹೊಲಕ್ಕಿಳಿದರೆ ಕಣ್ಣು, ಮೂಗು, ಬಾಯಿ ಎಲ್ಲಕ್ಕೂ ಮುತ್ತುತ್ತವೆ. ಗಂಗಕ್ಕ ಇಳಕಲ್ ಸೀರೆಯ ಸೆರಗನ್ನು ಮುಖದ ಸುತ್ತ ಸುತ್ತಿ ಹಲ್ಲಿನಲ್ಲಿ ಕಚ್ಚಿ ಆರಾಮಾಗಿ ನಡೆಯುವುದನ್ನು ಕಂಡು ಹೆಲೆನ್ ಒಂದು ಹಾಸಿಗೆ ಹೊದಿಕೆಯನ್ನು ತಂದು ತಮಗೂ ಹಾಗೆ ಸುತ್ತಲು ಹೇಳಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಅಂದಿನಿಂದ ಹಿತ್ತಲಿನಲ್ಲಿ ಅವರಿಬ್ಬರ ಮಾತು ನಿಲ್ಲಲಿಲ್ಲ.

ಮರುದಿನ ಟೆಸ್ ತಾಕು ತೋರಿಸಿದಳು. ಮಂಚದಗಲದ ಪಟ್ಟಿಗಳು, ಒಂದರ ಪಕ್ಕ ಒಂದು. ಒಂದೊಂದರಲ್ಲಿ ಒಂದೊಂದು ತಳಿ, ತುದಿಗೆ ನಂಬರಿನ ಗೂಟ. ತಳಿಗಳೆಲ್ಲ ಒಂದು ಸಲ ಮುಗಿದರೆ ಅದು ಒಂದು ಸಾಲು. ಅದೇ ತಳಿಗಳನ್ನು ಹಿಂದುಮುಂದಾಗಿ ಮತ್ತೆ ಬಿತ್ತಿ ಎರಡನೆಯ ಸಾಲು, ಮೂರನೆಯದು, ನಾಲ್ಕನೆಯದು. ಒಂದು ತಳಿ ಒಳ್ಳೆಯ ಮಣ್ಣಿನ ತುಂಡಿನಲ್ಲಿ ಸಿಕ್ಕು ಸುಳ್ಳು ಹೆಸರು ಗಳಿಸಬಾರದು, ಕೆಟ್ಟ ತುಂಡಿನಲ್ಲಿ ಸಿಕ್ಕು ಹೆಸರು ಕೆಡಿಸಿಕೊಳ್ಳಲೂ ಬಾರದು ಎಂದು. ನಾವೂ ಹಾಗೇ ಮಾಡುತ್ತೇವೆ.

"ದೊಡ್ಡ ಸಂಸ್ಥೆಗಳ ಪರೀಕ್ಷೆಗಳೆಲ್ಲ ದಕ್ಷಿಣದಲ್ಲಿ, ಮಳೆಯಿರುವ ಕಡೆ" ಎಂದಳು ಟೆಸ್. "ಅಲ್ಲಿ ಗೆದ್ದದ್ದನ್ನು ಇಲ್ಲಿ ಬಿತ್ತಿ ಇವರು ಸಾಕಷ್ಟು ಸಲ ಕೈ ಸುಟ್ಟುಕೊಂಡಿದ್ದಾರೆ. ಈ ಮರಳು ಮಣ್ಣಿಗೆ ಯಾವುದು ಸರಿ ಎಂದು ನೋಡಲು ಇದೊಂದೇ ಜಾಗ. ಇದು ಮೂರನೆಯ ವರ್ಷ. ಮೊದಲೆರಡು ವರ್ಷ ಮಳೆ ಚೆನ್ನಾಗಿತ್ತು. ಈ ಸಲ ಕಡಿಮೆ. ನನಗೆ ಬೇಕಾಗಿದ್ದದ್ದು ಇಂಥದೇ ವರ್ಷ."

ಹೂ ಇಳಿಯುತ್ತ, ಕೆಳಗಿನಿಂದ ಹಸಿರು ಕಾಯಿ ಕಟ್ಟುತ್ತ ಇದ್ದವು. ಕೆಲವು ತಳಿಗಳು ಆಗಲೇ ಬಾಡಿದ್ದರೆ ಕೆಲವು ನೆಟ್ಟಗೆ ನಿಂತಿದ್ದವು. ನೋಡುತ್ತಿದ್ದರೆ ನನಗೆ ನಮ್ಮ ರಾಮದುರ್ಗದ ತಾಕು ನೆನಪಾಯಿತು.

ಮರಳಿ ಬರುವಾಗ ಟೆಸ್ ಒಂದು ಮಾತು ಹೇಳಿದಳು. ಅಲ್ಲಿ ಎಲ್ಲ ಹೊಲಕ್ಕೂ ತಂತಿಬೇಲಿ, ಬೇಲಿಗೆಲ್ಲ ಕಬ್ಬಿಣದ ಗೇಟು. "ಗೇಟು ಹೇಗಿತ್ತೋ ಹಾಗೇ ಬಿಡಬೇಕು. ಇಲ್ಲಿನ ಮೊದಲ ನಿಯಮ ಅದು."

ಗಂಗಕ್ಕ ಏನಂತೆ ಎಂದು ಕೇಳಿದರು. ನಾನು ಹೇಳಿದೆ: "ಗೇಟ್ ಮುಚ್ಚಿ ಬರಬೇಕಂತ್ರಿ."

ಗೇಟು ಇರುವುದೇ ಮುಚ್ಚಲಿಕ್ಕೆ ಎಂದು ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ನಾನು ಬೇರೆ ಮಾತು ಹೇಳುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ.

ಬಿಸಿಗಾಳಿಯ ದಿನ

ಅದಾದ ಎರಡು ಮೂರು ದಿನಕ್ಕೆ ಹೆಲೆನ್ ಅವರ ಹಲ್ಲುನೋವಿಗಾಗಿ ದಂಪತಿಗಳಿಬ್ಬರೂ ಬೆಳಿಗ್ಗೆ ಬೇಗ ದೂರದ ಪಟ್ಟಣಕ್ಕೆ ಹೋದರು. ಊರಿನವರಿಗೆ ತೋರಿಸಲು ಫೋಟೊ ತೆಗೆಯೋಣವೆಂದು ನಾನು, ಗಂಗಕ್ಕ ನಡೆದೇ ತಾಕಿಗೆ ಹೊರಟೆವು. ದಾರಿ ಮೊದಲು ನೀರಿನ ತೊಟ್ಟಿಯಿರುವ ಬಯಲು ದಾಟಿ, ಒಂದು ಗೇಟಿನ ಮೂಲಕ ಕುರಿಗಳು ಮೇಯುವ ಬಯಲಿಗೆ ಹೋಗುತ್ತಿತ್ತು. ಅದರ ಆಚೆ, ಬೇಲಿಗೆ ತಾಗಿಕೊಂಡೇ, ಕನೋಲಾ ತಾಕು. ಗೇಟು ಹಾರುಹೊಡೆದಂತೆ ತೆರೆದಿತ್ತು. ಕುರಿಗಳು ಆಗಲೇ ಆಚೆಯ ಹುಲ್ಲಿನಲ್ಲಿದ್ದವು.

"ನೋಡು, ಹಲ್ಲಬ್ಯಾನಿ ಗಡಿಬಿಡಿಯಾಗ ಮುಚ್ಚೂದ ಮರತಾರ, ಪಾಪ" ಅಂದರು ಗಂಗಕ್ಕ. ಆ ಭಾರದ ಗೇಟನ್ನು ಇಬ್ಬರೂ ಎಳೆದು ತಂದು ಸರಪಳಿ ಸಿಕ್ಕಿಸಿದೆವು. ಒಂದು ಒಳ್ಳೆಯ ಕೆಲಸ ಮಾಡಿದೆವೆಂದು ಖುಷಿಯಾಯಿತು.

ತಾಕಿನಲ್ಲಿ ಫೋಟೊ ತೆಗೆಯುತ್ತಿದ್ದಾಗ ಟೆಸ್ ರಸ್ತೆಯ ಕಡೆಯಿಂದ ಗಾಡಿ ತಂದಳು. ವಾರದ ಕೊನೆಗೆ, ರೈತರನ್ನೆಲ್ಲ ಕರೆದು ತಾಕು ತೋರಿಸುವ ಅವರ ಕ್ಷೇತ್ರೋತ್ಸವವಿತ್ತು. ಅದರ ಸಾಮಾನು ತರಲು ನಮ್ಮನ್ನೂ ಕರೆದುಕೊಂಡು ಪೇಟೆಗೆ ಹೋದಳು. ಬಂದ ದಾರಿಗೆ ನಾವು ಮರಳಲಿಲ್ಲ.

ಮಧ್ಯಾಹ್ನ ಪೂರ್ವದ ಮರುಭೂಮಿಯಿಂದ ಗಾಳಿ ಎದ್ದಿತು. ಒಲೆಯ ಬಾಯಿಗೆ ಮುಖವಿಟ್ಟಂಥ ಗಾಳಿ. ಸಂಜೆ ಮನೆಗೆ ಬಂದಾಗ ಹೆಲೆನ್ ಅಂಗಳದಲ್ಲಿ ನಿಂತು ದೂರಕ್ಕೆ ಕೈ ತೋರಿಸುತ್ತಿದ್ದರು. ಧೂಳು, ನಾಯಿಯ ಬೊಗಳು, ಕುರಿಗಳ ಅರಚಾಟ. ಟೆಸ್ ಗಾಡಿ ನಿಲ್ಲಿಸದೆ ಅತ್ತಲೇ ಓಡಿಸಿದಳು.

ಹೋಗಿ ನೋಡಿದರೆ ಹಿಂಡಿಗೆ ಹಿಂಡೇ ಆ ಮುಚ್ಚಿದ ಗೇಟಿಗೆ ಒತ್ತಿಕೊಂಡು ನಿಂತಿತ್ತು. ಆಚೆ ಬದಿಗೆ ನೀರಿನ ತೊಟ್ಟಿ ಕಾಣುತ್ತಿತ್ತು. ದಿನವಿಡೀ ಆ ಬಿಸಿಲಿನಲ್ಲಿ ಹನಿ ನೀರಿಲ್ಲದೆ, ಒಂದಷ್ಟು ಕುರಿಗಳು ದಿಕ್ಕುಗೆಟ್ಟು ಇನ್ನೊಂದು ಬದಿಯ ಹಳೆಯ ಬೇಲಿಗೆ ನುಗ್ಗಿದ್ದವು. ತಂತಿ ಮಲಗಿತ್ತು. ಅದರಾಚೆ ಕನೋಲಾ ತಾಕಿನೊಳಗೆ ಬೆನ್ನುಗಳು ಅಲ್ಲಾಡುತ್ತಿದ್ದವು.

ಗ್ರಹಾಂ ಗೇಟಿನ ಬಳಿ ನಿಂತಿದ್ದರು. "ಇದನ್ನು ಯಾರು ಮುಚ್ಚಿದರು?" ಎಂದು ಟೆಸ್‌ಳನ್ನು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಏನ್ ಕೇಳಾಕತ್ತಾರ?" ಗಂಗಕ್ಕ ನನ್ನ ತೋಳು ಹಿಡಿದರು. ಹೇಳಿದೆ. ಅವರು ಕೂಡಲೇ ಮುಂದೆ ಹೋಗಿ ಎದೆ ಮುಟ್ಟಿಕೊಂಡು, "ನಾ ಮುಚ್ಚೇನ್ರಿ ಯಪ್ಪಾ, ನಾ ಮುಚ್ಚೇನಿ" ಅಂದರು.

"ಮುಚ್ಚಬೇಕೆಂದು ಅವರಿಗೆ ಹೇಳಿದವಳು ನಾನು" ಎಂದೆ ನಾನು. "ಟೆಸ್ ಹೇಳಿದ್ದನ್ನು ತಪ್ಪಾಗಿ ಹೇಳಿದೆ."

ಗ್ರಹಾಂ ಈ ಸಲ ಆಕಾಶವನ್ನೂ ನೋಡಲಿಲ್ಲ, ನೆಲವನ್ನೂ ನೋಡಲಿಲ್ಲ. "ಮೊದಲು ನೀರು. ಮಾತು ಆಮೇಲೆ" ಎಂದರು.

ಬಾಯಾರಿದ ಹಿಂಡಿಗೆ ಗೇಟು ಒಮ್ಮೆಲೇ ತೆರೆದರೆ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆಯಂತೆ. ಗೇಟನ್ನು ಸ್ವಲ್ಪವೇ ಸರಿಸಿ, ನಾಲ್ಕು ನಾಲ್ಕಾಗಿ ಬಿಡಬೇಕು. ಉಳಿದವು ನುಗ್ಗದಂತೆ ನಾವು ಕೈ ಅಗಲಿಸಿ ಬೇಲಿಯಂತೆ ನಿಲ್ಲಬೇಕು. ಟೆಸ್ ಒಂದು ಕಡೆ, ನಾನು ಒಂದು ಕಡೆ, ನಡುವೆ ಗಂಗಕ್ಕ. ಮೊದಲ ನೂಕಿಗೇ ಒಂದು ದಪ್ಪ ಕುರಿ ಅವರನ್ನು ಕೆಡವಿ ಮೇಲೆ ಹಾರಿಹೋಯಿತು. ಅವರು ಎದ್ದು, ಕಚ್ಚೆ ಬಿಗಿದು, ಅದಕ್ಕೆ ಅಚ್ಚಗನ್ನಡದಲ್ಲಿ ನಾಲ್ಕು ಮಾತು ಬೈದು ಮತ್ತೆ ಕೈ ಅಗಲಿಸಿ ನಿಂತರು. ಗ್ರಹಾಂ ನಾಯಿಯ ಜೊತೆ ತಾಕಿನೊಳಗಿನ ಕುರಿಗಳನ್ನು ಹೊರಗೆ ತಂದರು. ಕೊನೆಯ ಕುರಿ ನೀರು ಕುಡಿಯುವ ಹೊತ್ತಿಗೆ ಸೂರ್ಯ ಮುಳುಗುತ್ತಿದ್ದ.

ಗೇಟಿನ ಬುಡದಲ್ಲಿ ಒಂದು ಮಾತ್ರ ಏಳಲಿಲ್ಲ. ನಾವು ಬರುವ ಮೊದಲೇ ಉಳಿದವುಗಳ ಕಾಲಡಿಗೆ ಸಿಕ್ಕಿತ್ತು. ಗ್ರಹಾಂ ಅದರ ಪಕ್ಕ ಮೊಣಕಾಲೂರಿ ಕುತ್ತಿಗೆ ಮುಟ್ಟಿ ನೋಡಿದರು. ಎರಡೂ ಕೈಯಲ್ಲಿ ಎತ್ತಿ ಗಾಡಿಯಲ್ಲಿ ಮಲಗಿಸಿದರು. ಗಂಗಕ್ಕ ಕೈಮುಗಿದುಕೊಂಡೇ ನಿಂತಿದ್ದರು.

"ಒಂದೇ" ಎಂದರು ಗ್ರಹಾಂ ನನಗೆ. "ಅವರಿಗೆ ಹೇಳು. ಈ ಬಿಸಿಲಿಗೆ ಅರ್ಧ ಹಿಂಡು ಹೋಗಬಹುದಿತ್ತು. ಒಂದೇ."

ಟೆಸ್ ಒಬ್ಬಳೇ ತಾಕಿನ ಸಾಲುಗಳ ನಡುವೆ ನಡೆದಳು. ಒಂದನೆಯ ಸಾಲು ಪೂರ್ತಿ ಹೋಗಿತ್ತು, ಮೊಂಡು ಕಡ್ಡಿಗಳು ಉಳಿದಿದ್ದವು. ಎರಡನೆಯದರ ಅಂಚಿಗೆ ಬಾಯಿ ಬಿದ್ದಿತ್ತು. ನೋಡಿ ಮುಗಿಸಿ ಅವಳು ಅಲ್ಲೇ ಮರಳಿನ ಮೇಲೆ ಕೂತುಬಿಟ್ಟಳು. ನನಗೆ ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ಗಂಗಕ್ಕ ಹೋಗಿ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟು, "ಅಳಬ್ಯಾಡವ್ವಾ" ಅಂದರು. ಟೆಸ್ ಅಲ್ಲಿಯವರೆಗೆ ಅಳುತ್ತಿರಲಿಲ್ಲ. ಅದನ್ನು ಕೇಳಿದ ಮೇಲೆ ಅತ್ತಳು.

ಊಟದ ಮೇಜು

ಆ ರಾತ್ರಿ ನಾನು ಕಲಿತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, ನಾವು ಮುಂಚೆಯೇ ಪರ್ತ್‌ಗೆ ಹೊರಟುಹೋಗುತ್ತೇವೆ ಎಂದೆ. ಹೆಲೆನ್ ನನ್ನ ತಟ್ಟೆಗೆ ಆಲೂಗಡ್ಡೆ ಬಡಿಸಿದರು. "ಒಂದು ಹಲ್ಲು ಕೀಳಿಸಿಕೊಂಡು ಬಂದಿದ್ದೇನೆ. ಮನೆಯಲ್ಲಿ ಮಾತಾಡಲು ಗಂಗಕ್ಕ ಇಲ್ಲದಿದ್ದರೆ ಹೇಗೆ?" ಎಂದರು.

ಗ್ರಹಾಂ ತಟ್ಟೆಯಿಂದ ತಲೆಯೆತ್ತಿದರು. "ನಿಮ್ಮೂರಿನಲ್ಲಿ ಗೇಟುಗಳಿಲ್ಲವೇ?"

ಇಲ್ಲ ಎಂದೆ. ಬೇಲಿಯೇ ಕಡಿಮೆ, ಹೊಲ ಹೊಲದ ನಡುವೆ ಬದು ಮಾತ್ರ.

"ಹಾಗಾದರೆ ಕುರಿಗಳನ್ನು ಹೊಲದಿಂದ ದೂರ ಇಡುವುದು ಹೇಗೆ?"

ಇದನ್ನು ಗಂಗಕ್ಕನಿಗೆ ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ದೂರ ಯಾಕ ಇಡೂದು? ಸುಗ್ಗಿ ಮುಗದ ಮ್ಯಾಲ ಕುರಬರನ್ನ ನಾವ ಹುಡಿಕ್ಕೊಂಡ ಹೋಗತೇವಿ. ನಮ್ಮ ಹೊಲದಾಗ ನಾಕ ದಿನಾ ಕುರಿ ತರಬ್ರೀ ಅಂತ ಕೈಮುಗಿತೇವಿ. ಹಿಕ್ಕಿ ಬಿದ್ದರ ಭೂಮಿಗೆ ಚಲೋ. ಅದಕ್ಕ ಅವರಿಗೆ ಜ್ವಾಳಾ ಕೊಡತೇವಿ, ರೊಟ್ಟಿ ಕೊಡತೇವಿ."

ನಾನು ಬಿಡಿಸಿ ಹೇಳಿದೆ. ಸುಗ್ಗಿಯಾದ ಬರಿ ಹೊಲದಲ್ಲಿ ಕುರಿ ಕೂಡಿಹಾಕುತ್ತಾರೆ, ಗೊಬ್ಬರಕ್ಕಾಗಿ. ಹೊಲದವರೇ ಕುರಿಯವರಿಗೆ ಧಾನ್ಯ ಕೊಡುತ್ತಾರೆ.

ಗ್ರಹಾಂ ಚಮಚ ಕೆಳಗಿಟ್ಟರು. "ಕುರಿ ಹೊಲಕ್ಕೆ ಬಂದರೆ ಹೊಲದವರು ಧಾನ್ಯ ಕೊಡುತ್ತಾರೆಯೇ?" ಊಟಕ್ಕೆ ಉಳಿದಿದ್ದ ಟೆಸ್ ಕಡೆ ತಿರುಗಿ, "ಹಾಗಾದರೆ ನೀನೇ ನನಗೆ ಒಂದು ಚೀಲ ಕೊಡಬೇಕು" ಎಂದರು.

ಟೆಸ್ ನಕ್ಕಳು. ಆಮೇಲೆ ಎಲ್ಲರೂ ನಕ್ಕೆವು. ನಾನು ನಗುತ್ತಲೇ ಕಣ್ಣೊರೆಸಿಕೊಂಡೆ. ಇಷ್ಟು ದೊಡ್ಡ ನಷ್ಟ ಮಾಡಿದವಳನ್ನು ಮೇಜಿನಿಂದ ಏಳಗೊಡದೆ ಕೂರಿಸಿಕೊಂಡ ಆ ಮನೆಯನ್ನು ನಾನು ಮರೆಯಲಾರೆ.

ಕ್ಷೇತ್ರೋತ್ಸವ

ನಮ್ಮಲ್ಲಿ ಕ್ಷೇತ್ರೋತ್ಸವವೆಂದರೆ ಶಾಮಿಯಾನ, ಮೈಕು, ಮಾಲೆ, ಅತಿಥಿಗಳು ಬರುವವರೆಗೆ ಕಾಯುವುದು. ಅಲ್ಲಿ ಹೊಲದ ಬದಿಗೆ ಗಾಡಿಗಳು ಸಾಲಾಗಿ ನಿಂತವು, ಟೋಪಿ ಹಾಕಿದ ರೈತರು ಇಳಿದರು, ಅಷ್ಟೇ. ಹೆಲೆನ್ ಹೊದಿಕೆಯನ್ನು ಸೆರಗಿನಂತೆ ಸುತ್ತಿಕೊಂಡೇ ಚಹಾ ಕೊಡುತ್ತಿದ್ದರು.

ಹಾಳಾದ ಸಾಲನ್ನು ಟೆಸ್ ಕಿತ್ತುಹಾಕಿರಲಿಲ್ಲ. ಸುತ್ತ ಒಂದು ಹಗ್ಗ ಕಟ್ಟಿ ಹಾಗೇ ಬಿಟ್ಟಿದ್ದಳು. ಬಂದವರೆಲ್ಲ ಅದನ್ನೇ ನೋಡುತ್ತಿದ್ದರು.

ನಮ್ಮ ನಾಲ್ಕು ತಾಲೂಕಿನ ತಾಕುಗಳ ಬಗ್ಗೆ ನಾನು ಮಾತಾಡಬೇಕಿತ್ತು. ಊರಲ್ಲೇ ಸಿದ್ಧಮಾಡಿಕೊಂಡ ಭಾಷಣ ಬಾಯಿಪಾಠವಾಗಿತ್ತು. ಅದನ್ನು ಶುರುಮಾಡುವ ಮೊದಲು ಗಂಗಕ್ಕನನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು, ಆ ಹಗ್ಗದೊಳಗಿನ ಸಾಲು ಹೇಗೆ ಹಾಳಾಯಿತೆಂದು ನೆರೆದವರಿಗೆಲ್ಲ ಹೇಳಿದೆ. ಟೆಸ್ ಏನು ಹೇಳಿದ್ದಳು, ನಾನು ಏನು ಹೇಳಿದೆ, ಒಂದು ಕುರಿ ಹೇಗೆ ಸತ್ತಿತು, ಎಲ್ಲ. ನಿಮ್ಮ ಮೂರನೆಯ ವರ್ಷದ ಕೆಲಸಕ್ಕೆ ನಾನು ಹಾನಿ ಮಾಡಿದ್ದೇನೆ, ಕ್ಷಮಿಸಿ ಎಂದೆ.

ನೊಣ ಓಡಿಸುವ ಕೈಗಳಷ್ಟೇ ಆಡುತ್ತಿದ್ದವು. ಆಗ ಹಿಂದಿನಿಂದ ಒಬ್ಬ ಆಜಾನುಬಾಹು ಮುದುಕ ಗಂಟಲು ಸರಿಮಾಡಿಕೊಂಡ.

"ನಾನು ಮದುವೆಗೆ ವಾರವಿರುವಾಗ ಮಾವನ ಹೋರಿಯ ಗೇಟು ತೆರೆದಿಟ್ಟು ಬಂದೆ" ಎಂದ. "ಹೋರಿ ಪಕ್ಕದವನ ಹಸುಗಳಲ್ಲಿ ಹೋಗಿ ಸೇರಿತು. ಮಾವ ಸಾಯುವವರೆಗೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಗೇಟು ಎಂದೇ ಕರೆದ."

ನಗು ಮುಗಿಯುವ ಮೊದಲೇ ಶಾಲೆಯ ಬಸ್ಸು ಓಡಿಸುವ ಹೆಂಗಸೊಬ್ಬಳು ಶುರುಮಾಡಿದಳು. ಪಟ್ಟಣದಿಂದ ಸೊಸೆಯಾಗಿ ಬಂದ ವರ್ಷ ಅವಳೂ ನಮ್ಮ ಹಾಗೇ ತೆರೆದ ಗೇಟು ಮುಚ್ಚಿದ್ದಳಂತೆ. ಭಯಕ್ಕೆ ಯಾರಿಗೂ ಹೇಳಲಿಲ್ಲ. "ಒಂದು ವರ್ಷ ಗುಟ್ಟು ಹೊತ್ತು ತಿರುಗಿದೆ. ಎಲ್ಲರಿಗೂ ಅಂದೇ ಗೊತ್ತಿತ್ತಂತೆ!"

ಆಮೇಲೆ ಒಬ್ಬರಾದ ಮೇಲೊಬ್ಬರು. ಕೊನೆಗೆ ಹೆಲೆನ್ ಕೆಟಲ್ ಕೆಳಗಿಟ್ಟು, ಒಂದು ಭಾನುವಾರ ಗ್ರಹಾಂ ಗೇಟು ಹಾಕುವುದನ್ನು ಮರೆತು ಟಗರುಗಳೆಲ್ಲ ತಮ್ಮ ಗುಲಾಬಿ ತೋಟ ಹೊಕ್ಕ ಕಥೆ ಹೇಳಿದರು. ಗ್ರಹಾಂ ಕಿವಿ ಕೆಂಪಗೆ ಮಾಡಿಕೊಂಡು ನೆಲ ನೋಡುತ್ತಿದ್ದರು. ನಾನು ಒಂದೊಂದನ್ನೂ ಗಂಗಕ್ಕನಿಗೆ ಹೇಳುತ್ತಾ ಹೋದೆ. ಅವರು ನಕ್ಕು ನಕ್ಕು, "ತಂಗಿ, ಇವರೂ ನಮ್ಮಂಥಾವ್ರ ಅದಾರಲ್ಲ" ಅಂದರು.

ನಗು ಇಳಿದ ಮೇಲೆ ಒಬ್ಬ ಯುವ ರೈತ ಕೇಳಬೇಕಾದ ಪ್ರಶ್ನೆ ಕೇಳಿದ. ಹಾಗಾದರೆ ಈ ವರ್ಷದ ಫಲಿತಾಂಶ ನಂಬಬಹುದೇ?

ಟೆಸ್ ಹಗ್ಗದ ಬಳಿ ನಿಂತು ಉತ್ತರ ಕೊಟ್ಟಳು. "ಒಂದನೆಯ ಸಾಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೆಯದರ ಮೇಯ್ದ ಅಂಚನ್ನು ಬಿಟ್ಟು ಕೊಯ್ಯುತ್ತೇನೆ. ಉಳಿದದ್ದು ಸರಿಯಾಗಿದೆ. ನನ್ನ ಭರವಸೆ ಹೋದ ವರ್ಷಕ್ಕಿಂತ ಕಡಿಮೆ. ಯಾಕೆ ಕಡಿಮೆ ಎಂದು ಈಗ ನಿಮಗೆಲ್ಲ ಗೊತ್ತು."

ಆ ಹುಡುಗ ತಲೆಯಾಡಿಸಿದ. ಎಲ್ಲರೂ ಮುಂದಿನ ತಾಕಿಗೆ ನಡೆದರು. ಅಷ್ಟು ಸರಳವಾಗಿ ಒಂದು ಸತ್ಯ ಹೇಳಿ ಮುಂದೆ ಹೋಗಬಹುದೆಂದು ನಾನು ಮೊದಲ ಸಲ ಕಂಡೆ. ಆ ಮೇಲೆ ನಾನು ನಮ್ಮ ಕಿತ್ತೂರು, ರಾಮದುರ್ಗದ ಮಾತಾಡಿದಾಗ ಅವರು ಇನ್ನಷ್ಟು ಹತ್ತಿರ ಬಂದು ನಿಂತು ಕೇಳಿದರು.

ಮರಳಿ ಕಟಕೋಳ

ಕುಸುಬೆ ಹೂವಾಡುವ ಹೊತ್ತಿಗೆ ಗಂಗಕ್ಕನ ಹೊಲದಲ್ಲಿ ನಮ್ಮ ಕ್ಷೇತ್ರೋತ್ಸವ ಇಟ್ಟುಕೊಂಡೆವು. ಅಷ್ಟರಲ್ಲಿ ಟೆಸ್‌ಳ ಸುದ್ದಿ ಬಂದಿತ್ತು. ಉಳಿದ ಸಾಲುಗಳು ಒಂದಕ್ಕೊಂದು ಹೊಂದಿಕೊಂಡು ಬಂದವಂತೆ, ಫಲಿತಾಂಶ ನಿಂತಿತಂತೆ. ದಕ್ಷಿಣದಲ್ಲಿ ಯಾರೂ ಗಮನಿಸದ ಒಂದು ಗಿಡ್ಡ ತಳಿ ಅವರ ಮರಳಿಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದೆ, ಮುಂದಿನ ಬಿತ್ತನೆಗೆ ಗ್ರಹಾಂ ಅದನ್ನೇ ಹಾಕುತ್ತಾರೆ ಎಂದಿದ್ದಳು. ಓದಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ನಾಲ್ಕೂ ತಾಲೂಕಿನ ರೈತರು ಬಂದಿದ್ದರು. ಪರದೇಶದ್ದೇನು ಹೇಳ್ರಿ ಎಂದು ಎಲ್ಲರೂ ಗಂಗಕ್ಕನಿಗೆ ಗಂಟುಬಿದ್ದರು. ಅವರು ವಿಮಾನದ ಮಾತು ಆಡಲಿಲ್ಲ, ದೊಡ್ಡ ಯಂತ್ರಗಳ ಮಾತೂ ಆಡಲಿಲ್ಲ. ನೇರ ಗೇಟಿನ ಕಥೆಗೆ ಬಂದರು. ಕುರಿ ಕೆಡವಿದ್ದನ್ನು ಬಿದ್ದು ತೋರಿಸಿದರು. ನನ್ನ ಪಾಲನ್ನೂ ಬಿಡಲಿಲ್ಲ.

"ಈ ತಂಗಿಗೆ ಇಂಗ್ಲೀಷ್ ಭಾಳ ಬರತೈತಂತ ನಂಬಕೊಂಡ ಹೋದೆ ನೋಡ್ರಿ!"

ಜನ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಸವದತ್ತಿ ತಾಲೂಕಿನ ಮನೋಳಿಯ ಬಸಪ್ಪ ಕಾಕಾ ಎದ್ದು ನಿಂತರು. ಸಭೆಯಲ್ಲಿ ಎಂದೂ ಬಾಯಿ ಬಿಡದ ಹಿರಿಯರು. ಹೋದ ವರ್ಷ ಅವರ ಹೊಲದಲ್ಲಿ ಮುಳ್ಳಿಲ್ಲದ ಒಂದು ಕುಸುಬೆ ತಳಿ ಹಾಕಿದ್ದೆವು. ರಾಮದುರ್ಗದಲ್ಲಿ ಚೆನ್ನಾಗಿ ಬಂದದ್ದು ಅಲ್ಲಿ ಪೂರ್ತಿ ಕೆಟ್ಟಿತ್ತು. ಹೊಳೆದಂಡೆಯ ಮಣ್ಣಿಗೆ ಒಗ್ಗುವುದಿಲ್ಲವೆಂದು ನಾನೇ ಬರೆದು ಆ ತಳಿಯನ್ನು ಕೈಬಿಟ್ಟಿದ್ದೆ.

"ಬಾಯಾರ, ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ್ರಿ" ಎಂದರು ಕಾಕಾ, ನನ್ನ ಕಡೆ ತಿರುಗಿ. "ಹೋದ ವರ್ಷ ನಮ್ಮ ತಾಕ ಹ್ವಾದದ್ದು ಬೀಜದ ತಪ್ಪಿನಿಂದ ಅಲ್ರಿ. ನಮ್ಮ ಎಮ್ಮಿ ಹಗ್ಗಾ ಹರಕೊಂಡ ಹೋಗಿ ಮೇದಿದ್ವು. ಮುಳ್ಳಿಲ್ಲಲ್ರಿ, ಪಲ್ಲೆ ತಿಂದಂಗ ತಿಂದ್ವು. ನೀವು ಬಂದ ಕೇಳಿದಾಗ ನಾಚಿಕಿ ಆತು. ಬೀಜ ಹತ್ತಲಿಲ್ರಿ ಅಂದಬಿಟ್ಟೆ."

ಎಲ್ಲರೂ ನನ್ನ ಮುಖ ನೋಡಿದರು. ನನಗೆ ಸಿಟ್ಟು ಬರಲಿಲ್ಲ. ದೂರದ ಆ ಹೊಲದ ಬದಿಗೆ ನಿಂತು ನಕ್ಕವರ ಋಣ ನನ್ನ ಮೇಲಿತ್ತು.

"ಹಂಗಾರ ಮೇಯೂಕಿಂತ ಮೊದಲ ಬೆಳಿ ಹೆಂಗಿತ್ರೀ ಕಾಕಾ?" ಎಂದು ಕೇಳಿದೆ.

"ಭಾಳ ಚಲೋ ಇತ್ರಿ" ಎಂದರು ಅವರು, ತಲೆ ತಗ್ಗಿಸಿ. "ಅದನ್ನ ಮೇದ ಮ್ಯಾಲ ನಾಕ ದಿನಾ ಎಮ್ಮಿ ಹಾಲೂ ಹೆಚ್ಚ ಕೊಟ್ವು."

ಬರುವ ಹಿಂಗಾರಿಗೆ ಆ ತಳಿಯನ್ನು ಮನೋಳಿಯಲ್ಲಿ ಮತ್ತೆ ಬಿತ್ತುತ್ತೇವೆ. ಬಸಪ್ಪ ಕಾಕಾನ ಹೊಲದಲ್ಲೇ.